ದಾಸವಾಳದ ಕುಂಡದಲ್ಲಿ ಸಿಕ್ಕ ಗುಳಿಗೆ

ಅತ್ತಿಯವರೇ,

ನಿಮ್ಮ ಮಗನನ್ನು ಮಣ್ಣು ಮಾಡಿ ಮೂರು ದಿನವಾಯಿತು. ನೆಂಟರೆಲ್ಲ ಹೋದರು. ಹಾಲಿನವನು ಎಂದಿನಂತೆ ಗೇಟು ಬಡಿದ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಕಾಲೇಜಿಗೆ ರಜೆಯ ಅರ್ಜಿ ಕೊಟ್ಟು ಬರುತ್ತೇನೆ.

ಗಿಡಕ್ಕೆ ನೀರು ಹಾಕುವಾಗ, ನಿನ್ನೆ ನೀವು "ನುಂಗೇನಿ ಬಿಡವಾ" ಅಂದ ಗುಳಿಗೆ ದಾಸವಾಳದ ಕುಂಡದಲ್ಲಿ ಸಿಕ್ಕಿತು. ಸಿಟ್ಟು ಬಂತು. ಈ ಮಿದುಳು ಜ್ವರ ಜೊತೆಗಿದ್ದವರಿಗೂ ಹತ್ತಬಹುದು, ಮನೆಯವರೆಲ್ಲ ನುಂಗಲೇಬೇಕು ಎಂದು ಡಾಕ್ಟರು ನಿಮ್ಮೆದುರೇ ಹೇಳಿದ್ದರು.

ಬೇರೆ ಗುಳಿಗೆ ಫ್ರಿಜ್ಜಿನ ಮೇಲಿದೆ. ನಾಷ್ಟಾಕ್ಕೆ ಒಂದು ತಾಸು ಮೊದಲು ಒಂದು, ರಾತ್ರಿ ಊಟಕ್ಕೆ ಮೊದಲು ಒಂದು. ನಾಳೆಯೂ ಹಾಗೇ. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ. ಜ್ವರ ಬಂದರೆ, ಕುತ್ತಿಗೆ ಬಗ್ಗದಿದ್ದರೆ ಕೂಡಲೇ ಫೋನ್ ಮಾಡಿ.

ಯಾಕೆ ನುಂಗಲಿಲ್ಲವೆಂದು ನನಗೆ ಗೊತ್ತು. "ಉಳಕ ಅಂತ ಮಗನ ಕುತಗಿ ತಿಕ್ಕೋತ ಒಂದ ದಿನಾ ಕಳದ್ನಿ, ನನಗ್ಯಾಕ ಔಷಧ" ಎಂದು ಪಕ್ಕದ ಮನೆಯಲ್ಲಿ ಅಂದಿರಂತೆ. ತಿಕ್ಕಿದವರು ನೀವು. ಎಣ್ಣೆ ಕಾಸಿ ಕೊಟ್ಟವಳು ನಾನು, ಎಂ.ಎಸ್ಸಿ. ಓದಿದವಳು. ಆದರೂ ನಾನು ನುಂಗಿದ್ದೇನೆ. ಇನ್ನೊಬ್ಬರನ್ನು ಆಸ್ಪತ್ರೆಗೆ ಒಯ್ಯುವ ಶಕ್ತಿ ನನ್ನಲ್ಲಿಲ್ಲ.

ಅನ್ನ, ಸಾರು ಮಾಡಿಟ್ಟಿದ್ದೇನೆ. ಉಣ್ಣಿರಿ.

ಬರುವಾಗ ಬೆಂಗೇರಿಗೆ, ಯಲ್ಲೇಶನ ಮನೆಗೆ ಹೋಗುತ್ತೇನೆ. ನಿಮ್ಮ ಮಗ ಆ ಗೆಳೆಯನಿಂದ ತಂದಿದ್ದ ಥರ್ಮಾಸನ್ನು ಬಿಸಿನೀರಿನಲ್ಲಿ ತೊಳೆದಿಟ್ಟಿದ್ದೆ, ಅದನ್ನು ಕೊಡಬೇಕು. ಇಬ್ಬರೂ ಅದರ ಒಂದೇ ಮುಚ್ಚಳದಲ್ಲಿ ಚಹಾ ಕುಡಿದವರು. ಗುಳಿಗೆ ತಗೊಳ್ಳೋ ಅಂದರೆ ಅವನೂ ಫೋನಿನಲ್ಲಿ "ನೋಡೂಣ್ರಿ ವೈನಿ" ಅನ್ನುತ್ತಾನೆ. ಡಾಕ್ಟರು ಅವನಿಗೆ ಬರೆದುಕೊಟ್ಟದ್ದನ್ನು ನಾನೇ ಒಯ್ಯುತ್ತಿದ್ದೇನೆ. ಥರ್ಮಾಸ್ ಕೈಗೆ ಕೊಟ್ಟು, ಅವನು ನುಂಗುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ.

ಮಾಯಾ