ನಟ್ಟು ನಿಲ್ಲದ ದೋಣಿ

ದಡದ ಮನೆ,
ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ಅಕ್ಕನ ಮನೆಯ ಮೆಟ್ಟಿಲುಗಳು ಕಡಿದಾಗಿವೆ ಎಂದು ಬರೆದಿದ್ದಿರಿ. ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ, ಏನು ಬೇಕಿದ್ದರೂ ಕೆಳಗಿನಿಂದಲೇ ಕೂಗಿ ಕೇಳಿ. ಹಚ್ಚಿಕೊಳ್ಳುವ ಎಣ್ಣೆ ಮುಗಿದಿದ್ದರೆ ತಿಳಿಸಿ, ಕಳಿಸುತ್ತೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಬರೆಯಲು ಮನಸ್ಸು ಬರುತ್ತಿಲ್ಲ. ಜನರನ್ನು ಹೊಳೆ ದಾಟಿಸುವ ಈ ನಮ್ಮ ದೋಣಿ ನನ್ನ ತಲೆ ತಿನ್ನುತ್ತಿದೆ. "ಆ ದೋಣೀನೇ ಕಟ್ಕೊಂಡು ಬಾಳಿ" ಎಂದು ಮಾವನಿಗೆ ಹೇಳಿ ನೀವೇನೋ ಬಸ್ಸು ಹತ್ತಿದಿರಿ. ಕಟ್ಟಿಕೊಂಡವರು ಅವರು, ಬಾಳುತ್ತಿರುವವಳು ನಾನು.

ನೀವಿದ್ದಾಗಲೂ ಅದರಲ್ಲಿ ಒಂದಲ್ಲ ಒಂದು ಸಡಿಲವಾಗುತ್ತಿತ್ತು, ಗೊತ್ತು. ಎಂಜಿನ್ ಅದುರಿದರೆ ನಟ್ಟು ತಿರುಗುವುದು ಸಹಜ. ಈಗಿನದು ಸಹಜವಲ್ಲ. ಎಂಜಿನ್ ಕೂರಿಸಿದ ಬೋಲ್ಟು, ಚುಕ್ಕಾಣಿಯ ಪಟ್ಟಿ, ಜನ ಕೂರುವ ಹಲಗೆಯ ಸ್ಕ್ರೂ, ಬೆಳಿಗ್ಗೆ ಮಾವ ಬಿಗಿ ಮಾಡಿ ಬಂದದ್ದೆಲ್ಲ ಸಂಜೆಗೆ ಗಿಲಕಿಯ ಹಾಗೆ ಗಲಗಲ ಅನ್ನುತ್ತದೆ. ಮೆಕ್ಯಾನಿಕ್‌ನನ್ನು ಕರೆಸಿದೆ, ಅದೇ ನಮ್ಮ 'ಆಗೋಯ್ತು'. "ಎಂಜಿನ್ ಅಂದ್ಮೇಲೆ ಅದುರುತ್ತೆ ಅಕ್ಕಾ, ಸ್ಪ್ರಿಂಗ್ ವಾಷರ್ ಹಾಕ್ಸಿ, ಆಗೋಯ್ತು" ಎಂದ. ಹಾಕಿಸಿದೆ, ಆಗಲಿಲ್ಲ. ಒಂದರ ಮೇಲೊಂದು ಎರಡೆರಡು ನಟ್ಟು ಹಾಕಿಸಿದೆ. ಜಗಳವಿಲ್ಲದ ಗಂಡ ಹೆಂಡಿರ ಹಾಗೆ ಎರಡೂ ಜೊತೆಯಲ್ಲೇ ಕಳಚಿಕೊಂಡು ಹೋದವು. (ಕೋಪ ಮಾಡಿಕೊಳ್ಳಬೇಡಿ, ನಿಮಗೆ ಹೇಳಿದ್ದಲ್ಲ.) ಥ್ರೆಡ್‌ಗೆ ಹಚ್ಚುವ ಅಂಟು ತಂದುಕೊಟ್ಟರೆ ಮಾವ, "ಅಂಟಿಸೋಕೆ ಇದೇನು ಲಕೋಟೆನಾ?" ಎಂದರು. ಕೊನೆಗೆ ಒಳಗೆ ನೈಲಾನ್ ಬಳೆ ಇರುವ ನಟ್ಟುಗಳನ್ನು ಪೇಟೆಯಲ್ಲಿ ಹುಡುಕಿ ತಂದೆ. ಅವನ್ನು ತಿರುಗಿಸಲು ಬಲ ಬೇಕು, ಅದಕ್ಕೇ ಅವು ತಾವಾಗಿ ಬಿಚ್ಚಿಕೊಳ್ಳುವುದೂ ಇಲ್ಲ. ಮರುದಿನ ನೋಡಿದರೆ ಹೊಸವೆಲ್ಲ ಡಬ್ಬಿಯಲ್ಲೇ ಇವೆ, ಬೋಲ್ಟಿನ ಮೇಲೆ ಹಳೆಯವೇ! "ಅವೆಲ್ಲ ಬರೀ ಶೋಕಿ ನಟ್ಟು" ಅಂದರು. ನಾನೇ ಬಿಗಿ ಮಾಡುತ್ತೇನೆಂದರೆ ಸ್ಪ್ಯಾನರ್ ಬಿಟ್ಟುಕೊಡುವುದಿಲ್ಲ. "ದೋಣಿ ನಡೆಸೋದು ನೀನು, ನೋಡ್ಕೊಳ್ಳೋದು ನಾನು." ನಿಮ್ಮ ಮಗನಿಗೆ ಹೇಳಿದರೆ, ಐಸ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು ದಿಂಬಿನಿಂದ ಮುಖ ಎತ್ತದೆ, "ಅಪ್ಪಂಗೆ ಗೊತ್ತಿರುತ್ತೆ ಬಿಡು" ಎನ್ನುತ್ತಾರೆ. ಯಾರ ಹತ್ತಿರ ಹೇಳಿಕೊಳ್ಳಲಿ?

ಕಳೆದ ಸೋಮವಾರ ನಡುನೀರಿನಲ್ಲಿ ಚುಕ್ಕಾಣಿಯ ಹಿಡಿ ಬುಡಸಮೇತ ನನ್ನ ಕೈಗೆ ಬಂತು. ದೋಣಿಯಲ್ಲಿ ಆಸ್ಪತ್ರೆಯ ನರ್ಸಮ್ಮ, ದರ್ಜಿ, ಅವನ ತುಂಬು ಬಸುರಿ ಹೆಂಡತಿ. ದೋಣಿ ತನ್ನಷ್ಟಕ್ಕೆ ತಾನೇ ತಿರುಗಿ, ಮರಳು ಹೊತ್ತು ಬರುತ್ತಿದ್ದ ದೊಡ್ಡ ದೋಣಿಗೆ ಅಡ್ಡ ನಿಂತಿತು. ಎಂಜಿನ್ ಆರಿಸಿ ಹುಟ್ಟು ಹಾಕತೊಡಗಿದೆ. ಒಂದೇ ಹುಟ್ಟಿಗೆ ಅದು ಜಗ್ಗಲಿಲ್ಲ. ನರ್ಸಮ್ಮ ತಾವು ಕೂತಿದ್ದ ಹಲಗೆಯನ್ನೇ ಕಿತ್ತು ಇನ್ನೊಂದು ಹುಟ್ಟಿನಂತೆ ನೀರಿಗೆ ಹಾಕಿದರು. ಕೀಳುವುದಕ್ಕೆ ಕಷ್ಟವೇನೂ ಆಗಲಿಲ್ಲ ಬಿಡಿ, ಅದರ ಸ್ಕ್ರೂಗಳೂ ಹೆಸರಿಗಷ್ಟೇ ಇದ್ದವು. ದೊಡ್ಡ ದೋಣಿ ನಮ್ಮನ್ನು ಉಜ್ಜಿಕೊಂಡೇ ಹೋಯಿತು. ದಡ ಸೇರಿದ ಮೇಲೆ ದರ್ಜಿ ದಾಟಿಸಿದ ದುಡ್ಡನ್ನು ಎಣಿಸಿ ನನ್ನ ಕೈಗಿಟ್ಟು, ಹೆಂಡತಿಯನ್ನು ಇಳಿಸಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು. ಈಗ ಅವರು ಬಸ್ಸಿನಲ್ಲಿ ಸೇತುವೆ ಸುತ್ತಿಕೊಂಡು ಹೋಗುತ್ತಾರೆ. ಅವತ್ತು ಮಾವನ ಮೇಲೆ ಕೂಗಾಡಿಬಿಟ್ಟೆ ಅತ್ತೆ, ನೀವು ಕೂಗಾಡಿದ್ದಕ್ಕಿಂತ ಜೋರಾಗಿ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಅವರ ಬಾಯಿ ನಿಮಗೆ ಗೊತ್ತಲ್ಲ, ನನಗೆ ಅದೇ ವಿಚಿತ್ರವೆನಿಸಿತು.

ಯಾವ ನಟ್ಟು ತಿರುಗುತ್ತಿದೆ ಎಂದು ಪತ್ತೆ ಮಾಡಲು ಉಗುರಿಗೆ ಹಚ್ಚುವ ಕೆಂಪು ಬಣ್ಣ ತೆಗೆದುಕೊಂಡು, ಪ್ರತಿ ನಟ್ಟಿನಿಂದ ಅದನ್ನು ಕೂರಿಸಿದ ಮರದವರೆಗೆ ಒಂದೊಂದು ಗೆರೆ ಎಳೆದೆ. ನಟ್ಟು ತಿರುಗಿದರೆ ಗೆರೆ ಮುರಿಯಬೇಕು. ಸಂಜೆಗೆ ಅರ್ಧಕ್ಕರ್ಧ ಮುರಿದಿದ್ದವು. ಮರುದಿನ ಬೆಳಿಗ್ಗೆ ಮಾವ ಬಹಳ ಹೊತ್ತು ದೋಣಿಯಲ್ಲಿದ್ದು ಬಂದು, "ಎಲ್ಲಾ ಕಲ್ಲು ಕೂತಂಗೆ ಕೂತಿದೆ, ಹೋಗು" ಅಂದರು. ಹೋಗಿ ನೋಡಿದರೆ ಗೆರೆಗಳು ಹಿಂದಿನ ಸಂಜೆ ಹೇಗೆ ಮುರಿದಿದ್ದವೋ ಹಾಗೇ ಇವೆ. ಒಂದು ನಟ್ಟೂ ಕೂದಲೆಳೆಯಷ್ಟು ಕದಲಿಲ್ಲ. ಹೀಗೆ ಸುಳ್ಳು ಹೇಳುತ್ತಾರಲ್ಲ ಎಂದು ಮೈಯೆಲ್ಲ ಉರಿಯಿತು. ಅದರ ಮಾರನೆಯ ಬೆಳಿಗ್ಗೆ ಅವರಿಗೆ ತಿಳಿಯದಂತೆ ಹಿಂದೆಯೇ ಹೋದೆ. ಅಲ್ಲಿ ಕಂಡದ್ದನ್ನು ನಿಮಗೆ ಬರೆಯುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.

ಆಮೇಲೆ ಸ್ಪ್ಯಾನರ್ ನನ್ನ ಪಾಲಿಗೆ ಬಂತು. ಬೋಲ್ಟುಗಳ ಎಣ್ಣೆ ಒರೆಸಿ, ನೈಲಾನ್ ನಟ್ಟು ಹಾಕಿದೆ. ಅಗಲವಾಗಿದ್ದ ಸ್ಕ್ರೂ ತೂತುಗಳಿಗೆ ಅಂಟು ಹಚ್ಚಿದ ಮರದ ಕಡ್ಡಿ ತುಂಬಿ, ಅದು ಒಣಗಿದ ಮೇಲೆ ಸ್ಕ್ರೂ ಬಿಗಿ ಮಾಡಿದೆ. ಮಾವ ಪಕ್ಕದಲ್ಲಿ ಕೂತು "ಸಾಕು ಸಾಕು, ಥ್ರೆಡ್ ಹೋಗುತ್ತೆ" ಎಂದು ತಡೆಯದಿದ್ದರೆ ಒಂದೆರಡು ಬೋಲ್ಟು ನನ್ನ ಸಿಟ್ಟಿಗೇ ಮುರಿದುಹೋಗುತ್ತಿದ್ದವು. ನಿನ್ನೆ ಇಡೀ ದಿನ ದೋಣಿ ಓಡಿತು, ಹೊಸದಾಗಿ ಎಳೆದ ಒಂದು ಗೆರೆಯೂ ಮುರಿಯಲಿಲ್ಲ. ಕುಣಿದಾಡಬೇಕಿತ್ತು ನಾನು. ಬಂದು ಸುಮ್ಮನೆ ಕೂತೆ.

ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಇಷ್ಟೆಲ್ಲ ಗೊಣಗಿದ್ದಕ್ಕೆ ಬೈಯಬೇಕೆನಿಸಿದರೆ ಬೈದಾದರೂ ಬರೆಯಿರಿ.

ನಿಮ್ಮ ಕಾಲಿಗೆರಗುವ,
ಸೊಸೆ

ತಾ.ಕ.: ಕೊಟ್ಟ ಮಾತು ಮುರಿಯುತ್ತಿದ್ದೇನೆ. ಮಾವನ ಬಲಗೈಯಲ್ಲಿ ಹಿಡಿತವೇ ಇಲ್ಲ ಅತ್ತೆ. ಅವತ್ತು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಸ್ಪ್ಯಾನರ್ ಎಳೆಯುತ್ತಿದ್ದರು, ಅದು ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. "ಚಳಿಗೆ ಹಿಡ್ಕೊಂಡಿದೆ" ಅಂದರು, ಈ ಸೆಕೆಯಲ್ಲಿ! ನೀವು ಹೋಗುವ ಮುಂಚಿನಿಂದಲೂ ಹೀಗೇ ಇತ್ತಂತೆ. ಡಾಕ್ಟರ ಹತ್ತಿರ ಹೋಗೋಣವೆಂದರೆ ನನ್ನ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀವೇ ಬಂದು ಕರೆದುಕೊಂಡು ಹೋಗಿ, ಜಗಳ ಬೇಕಾದರೆ ಆಮೇಲೆ ಆಡಿ. ಈಗಷ್ಟೇ ಬಾಗಿಲಲ್ಲಿ ನಿಂತು, "ಅವಳಿಗಾ ಬರೀತಿರೋದು?" ಎಂದು ಕೇಳಿದರು. ಹೂಂ ಎಂದೆ. "ಕೈ ವಿಷಯ ಬರೀಬೇಡ" ಎಂದು ಹೇಳಿ ಹೋದರು. ಹೋದವರು ತಿರುಗಿ ಬಂದು, "ಬರೆದಾಗಿದ್ರೆ ಇರ್ಲಿ, ಹರೀಬೇಡ" ಅಂದರು.