ಹೆಸರಿನ ಮುಂದೆ ಎರಡು ಚುಕ್ಕಿ

ಫೆಬ್ರುವರಿ 3, ಮಧ್ಯಾಹ್ನ
ಸಾಸಲು ಹಳ್ಳಿಯಿಂದ ಈಗ ಬಂದೆ. ಸೋದರತ್ತೆ ಅಮ್ಮಯಮ್ಮನ ಹನ್ನೊಂದನೇ ಕಥೆ ಮುಗಿಯಿತು. "ಮರೆವು ಶುರುವಾಗೈತೆ, ಬಿರ್ನೆ ಬರ್ಕೊ ಕಣಪ್ಪಾ" ಅನ್ನುತ್ತಲೇ ಇದ್ದಳು. ಕಂಪ್ಯೂಟರಿನಲ್ಲಿ, ಬಿಟ್ಟಿ ಸಿಕ್ಕಿದ ಕನ್ನಡ ಎಡಿಟರ್ ತಂತ್ರಾಂಶದಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ಹೆಸರು ನಮ್ಮ ಮನೆಯ ಕ್ರಮದಂತೆ — 'ಅಮ್ಮಯಮ್ಮ: ಬಿದಿರು ಕುದುರೆ'. ಹೇಳಿದವರನ್ನು ಮೊದಲು ನೆನೆಯದೆ ಕಥೆ ಎತ್ತಬಾರದು.
ನಾಳೆ ಹಳೇ ಕಂಪ್ಯೂಟರ್ ಎಕ್ಸ್‌ಚೇಂಜ್. ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಹಾಕಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. ಯೆಸ್ ಒತ್ತಿದೆ.

ಫೆಬ್ರುವರಿ 9
ಹೊಸ ಲ್ಯಾಪ್‌ಟಾಪಿನಲ್ಲಿ ಒಂದೇ ಫೈಲ್. 'ಅಮ್ಮಯಮ್ಮ'. ಒಳಗೆ ಒಂದಕ್ಷರವಿಲ್ಲ.
ದೊಡ್ಡಬಳ್ಳಾಪುರದ ಕಂಪ್ಯೂಟರ್ ಅಂಗಡಿಗೆ ಓಡಿದೆ. ಹಳೇ ಕಂಪ್ಯೂಟರ್ ತೆಗೆದುಕೊಂಡಿದ್ದ ಅಂಗಡಿಯ ವೇಣುಗೋಪಾಲ್ ನೋಡಿ ನಕ್ಕ.
"ಫೈಲ್ ಹೆಸರಲ್ಲಿ ಎರಡು ಚುಕ್ಕಿ ಇಡ್ಬಾರ್ದು ಅಣ್ಣಾ. ಹನ್ನೊಂದೂ ಒಂದೇ ಫೈಲಿನ ಬೆನ್ನಿಗೆ ಅಂಟ್ಕೊಂಡಿದ್ವು, ಕಣ್ಣಿಗೆ ಕಾಣ್ದಂಗೆ. ಪೆನ್‌ಡ್ರೈವಿಗೆ ಬರಲ್ಲ ಅವು. ಬಿಟ್ಟೋಗ್ತವೆ, ಪರ್ವಾಗಿಲ್ವಾ ಅಂತ ಇಂಗ್ಲಿಷಲ್ಲಿ ಕೇಳಿರ್ತದೆ."
"ನಾನು ಕೊಟ್ಟ ಕಂಪ್ಯೂಟರ್?"
"ಅವತ್ತೇ ಫಾರ್ಮ್ಯಾಟ್ ಮಾಡಿ ಎಲ್ಲಾ ಅಳಿಸ್ದೆ. ಮಾರಿನೂ ಆಯ್ತು."
"ಇಡ್ಬಾರ್ದು ಅಂತ ಎಡಿಟರ್ ಹೇಳ್ಬೇಕಿತ್ತಲ್ಲಪ್ಪಾ."
"ಬೇರೆವು ಹೇಳ್ತವೆ. ನಿಮ್ದು ಬಿಟ್ಟಿ ಎಡಿಟರ್ರು, ಹೆಸರು ಚೆಕ್ಕೇ ಮಾಡಲ್ಲ."
ಸಂತೆಯಲ್ಲಿ ಎತ್ತು ಕೊಳ್ಳುವವನೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಇದಕ್ಕೆ ಒಂದು ಹೆಸರು ನೋಡಲಾಗಲಿಲ್ಲ...

ಫೆಬ್ರುವರಿ 10
ಎಡಿಟರ್ ಮಾಡಿದವರಿಗೆ ಈಮೇಲ್. ಎರಡು ಪುಟ. ಬೈಗುಳ ತೆಗೆದ ಮೇಲೆ ಒಂದು.

ಫೆಬ್ರುವರಿ 16
ಉತ್ತರ ಬಂತು. ಅಂಥ ಚಿಹ್ನೆ ಬಳಸಬೇಡಿ, ಧನ್ಯವಾದ. ಅಷ್ಟೇ. ತಪ್ಪು ನನ್ನದಂತೆ! ಹನ್ನೊಂದು ಸಲ ನುಂಗಿ, ಹನ್ನೊಂದು ಸಲವೂ 'ಸೇವ್ ಆಯಿತು' ಅಂದದ್ದು ಯಾರು? ಕಳ್ಳನಾದರೂ ಹೊಸ್ತಿಲಲ್ಲಿ ಎಡವಿ ಸದ್ದು ಮಾಡುತ್ತಾನೆ.
ಅತ್ತೆಗೆ ಇನ್ನೂ ಹೇಳಿಲ್ಲ.

ಮಾರ್ಚ್ 8, ಸಂಜೆ
ಸಾಸಲಿಗೆ ಹೋದೆ. ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.
"ಹೋಗ್ಲಿ ಬುಡ್ಲಾ. ಇನ್ನೊಂದ್ಸಲ ಹೇಳ್ತೀನಿ, ಕುಂತ್ಕೊ."
ಕೆರೆಗೆ ಸೊಸೆ ತಂದ ರಾಜನ ಕಥೆ ಎತ್ತಿದಳು. ಏರಿ ಒಡೆಯಿತು, ರಾಜ ಕುದುರೆ ಇಳಿದ, ಮೀನು ಮಾತಾಡಿತು. ಅಲ್ಲಿಗೆ ನಿಲ್ಲಿಸಿದಳು. ಸೆರಗಿನ ತುದಿ ತಿರುಚಿದಳು.
"ಮೀನು ಏನಂತೋ? ನೀನೇ ಬರ್ಕೊಂಡಿದ್ಯಲ್ಲ, ಹೇಳು."
ಇಪ್ಪತ್ತು ವರ್ಷ ಊರೂರು ತಿರುಗಿ, ಬರೆದ ಚೀಟಿ ನೋಡದೆ ಕಥೆ ಹೇಳಿದವನು ನಾನು. ಇದನ್ನು ಅವಳ ಬಾಯಲ್ಲೇ ಕೇಳಿದ್ದೆ. ನನ್ನ ಕೈಯಾರೆ ಟೈಪ್ ಮಾಡಿದ್ದೆ. ಸೇವ್ ಆಗಿದೆಯಲ್ಲ ಅಂತ ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.
ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನೆನಪಾಗದ್ದನ್ನು ಕಟ್ಟಿ ಹೇಳಲು ಬಾಯಿ ತೆರೆದೆ. ಮೀನು ಹೇಳಿತು —