ಮಂಡಿಯೂರಿದ್ದು ನಿಜ ತಾನೆ?

ಗ್ರಿಮ್ಸ್‌ಬಿ, ಇಂಗ್ಲೆಂಡ್
ಅಕ್ಟೋಬರ್ ೧೯

ಪ್ರೀತಿಯ ಅಮ್ಮನಿಗೆ, ನಿಮ್ಮ ಮೊರೆನಿಕೆಯ ನಮಸ್ಕಾರಗಳು. ಈ ಸಲ ಕುರ್ಚಿಯಲ್ಲಿ ಕೂತೇ ಮಾಡುತ್ತಿದ್ದೇನೆ, ಬೇಜಾರಾಗಬೇಡಿ.

ಫೋನಿನಲ್ಲಿ ಪ್ರತಿಸಲವೂ ನಿಮ್ಮದು ಒಂದೇ ರಾಗ: "ಬಿಳಿಯೋರಾದ್ರೇನೇ? ದೊಡ್ಡೋರು ದೊಡ್ಡೋರೇ. ಮಂಡಿಯೂರಿ ಮಾತಾಡ್ಸು, ತಲೆ ಮೇಲಿಟ್ಕೊಂಡು ನೋಡ್ಕೋತಾರೆ." ನೋಡಿಕೊಂಡರು ಅಮ್ಮ, ಚೆನ್ನಾಗಿಯೇ ನೋಡಿಕೊಂಡರು!

ನಮ್ಮ ವೃದ್ಧಾಶ್ರಮದ ತೊಂಬತ್ತೊಂದರ ಅಜ್ಜಿ ಮಿಸೆಸ್ ಆಡ್ಲಿಯವರ ಉಂಗುರ ಕಳೆದುಹೋಯಿತು. ಅಂದು ಅವರ ಕೋಣೆಯಲ್ಲಿ ಕೆಲಸ ಮಾಡಿದವರು ಇಬ್ಬರೇ, ನಾನು ಮತ್ತು ಡೆಬ್ರಾ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ, ಈ ಊರಿನವಳೇ ಆದ ಅವಳು ಸೇರಿ ಮೂರು ವಾರ. ಮ್ಯಾನೇಜರ್ ಮಿಸೆಸ್ ಪ್ರಿಚರ್ಡ್ ಇಬ್ಬರನ್ನೂ ಕರೆಸಿದರು. ಡೆಬ್ರಾ ಮೇಜಿನ ಅಂಚಿಗೆ ಕೂತು, ಟೀ ಹೀರುತ್ತಾ, "ನಂಗೇನ್ ಗೊತ್ತು? ಅಜ್ಜಿನೇ ಎಲ್ಲೋ ಇಟ್ಟಿರ್ತಾರೆ, ಹುಡುಕಿ" ಅಂದಳು. ಮ್ಯಾನೇಜರ್ ನಕ್ಕು, "ಹೋಗು ಮಾರಾಯ್ತಿ" ಅಂದರು. ಅವಳ ವಿಚಾರಣೆ ಅಲ್ಲಿಗೆ ಮುಗಿಯಿತು.

ನನ್ನ ಸರದಿ ಬಂತು. ಮ್ಯಾನೇಜರಿಗೆ ಅರವತ್ತೆರಡು, ನಿಮ್ಮದೇ ವಯಸ್ಸು. ನಮ್ಮೂರು ಅಬೆಯೊಕುಟಾದಲ್ಲಿ ನೀವು ಕಲಿಸಿದ ಬುದ್ಧಿ ನನ್ನ ಕಾಲಿಗೆ ಗೊತ್ತಲ್ಲ! ಮಂಡಿ ನೆಲ ಮುಟ್ಟಿತು, ತಲೆ ತಗ್ಗಿತು. "ನಾನು ತೆಗೆದಿಲ್ಲಮ್ಮ" ಎಂದು ನೆಲ ನೋಡುತ್ತಲೇ ಹೇಳಿದೆ. ಅವರು ಕಡತದಲ್ಲಿ ಬರೆದರು: "ಮಂಡಿಯೂರಿ ಬೇಡಿಕೊಂಡಳು, ಮುಖ ಎತ್ತಲಿಲ್ಲ." ಹತ್ತು ದಿನ ಮನೆಯಲ್ಲಿ ಕೂರಿಸಿದರು. ನನ್ನ ವೀಸಾ ಅವರ ಸಹಿಯ ಮೇಲೆ ನಿಂತಿದೆ. ಆ ಸಹಿ ಇಲ್ಲದಿದ್ದರೆ ನಾನೂ ನನ್ನ ಮಗಳು ಸಿಮಿಯೂ ಗಂಟುಮೂಟೆ ಕಟ್ಟಬೇಕು. ಆ ಹತ್ತು ದಿನ ನಿಮಗೆ "ರಜೆ" ಎಂದು ಸುಳ್ಳು ಹೇಳಿದ್ದೆ, ಕ್ಷಮಿಸಿ.

ಉಂಗುರ ಸಿಕ್ಕಿತು. ಅಜ್ಜಿಯೇ ತಮ್ಮ ಮುಚ್ಚು ಚಪ್ಪಲಿಯ ತುದಿಯೊಳಗೆ, ಮಿಠಾಯಿ ಕಾಗದದಲ್ಲಿ ಸುತ್ತಿಟ್ಟಿದ್ದರು. ಕಡತದ ಆ ಸಾಲನ್ನು ಹೊಡೆದುಹಾಕಿ ಎಂದು ಇಂದು ಬೆಳಿಗ್ಗೆ ಮ್ಯಾನೇಜರನ್ನು ಕೇಳಿದೆ. ಏನಂದರು ಗೊತ್ತೇ? "ಉಂಗುರ ಸಿಕ್ತು, ಸಂತೋಷ. ಆದ್ರೆ ನೀನು ಮಂಡಿಯೂರಿದ್ದು ನಿಜ ತಾನೆ?"

ಅಯ್ಯೋ ದೇವರೇ! ಮೈಯೆಲ್ಲ ಉರಿಯಿತು. ನೆಟ್ಟಗೆ ನಿಂತೆ. ಅವರ ನೀಲಿ ಕಣ್ಣನ್ನೇ ನೋಡುತ್ತಾ, ನಮ್ಮಲ್ಲಿ ಹಿರಿಯರನ್ನು ಮಾತನಾಡಿಸುವ ರೀತಿಯೇ ಅದು, ಕಳ್ಳರು ಮಾಡುವಂಥದ್ದಲ್ಲ, ಹಾಗೆಂದು ಅದರ ಕೆಳಗೇ ಬರೆದು ಸಹಿ ಹಾಕಿ ಎಂದೆ. ಈ ಸಲ ಮಂಡಿ ಬಗ್ಗಲಿಲ್ಲ. "ಇಷ್ಟೊಂದು ಕೋಪ ಯಾಕೆ?" ಎಂದು ಗೊಣಗುತ್ತಾ ಬರೆದರು. ವೀಸಾ ಕಾಗದಕ್ಕೂ ಸಹಿ ಬಿತ್ತು. ಕಡತದಲ್ಲಿ ಇನ್ನೊಂದು ಸಾಲೂ ಸೇರಿತು: "ಏರುದನಿಯಲ್ಲಿ ಮಾತನಾಡಿದಳು." ಇರಲಿ ಬಿಡಿ.

ನಿಮ್ಮ ಮಗಳು,
ಮೊರೆನಿಕೆ

ತಾ.ಕ.: ಡಿಸೆಂಬರಿಗೆ ಸಿಮಿ ನಿಮ್ಮಲ್ಲಿಗೆ ಬರುತ್ತಾಳೆ. ಬಾಗಿಲಲ್ಲಿ ನೆಟ್ಟಗೆ ನಿಂತು, ಕೈಕುಲುಕಲು ಕೈ ಚಾಚುತ್ತಾಳೆ. ನೆಂಟರೆದುರು ಬೈಯಬೇಡಿ. ಯಾರ ಮುಂದೆಯೂ ಮಂಡಿಯೂರುವುದಿಲ್ಲ ಎಂದು ನಾನೇ ಅವಳಿಂದ ಆಣೆ ಮಾಡಿಸಿಕೊಂಡಿದ್ದೇನೆ. ನಿಮ್ಮೊಬ್ಬರನ್ನು ಬಿಟ್ಟು ಎಂದು ಸೇರಿಸುವುದು, ಆ ಸಿಟ್ಟಿನಲ್ಲಿ, ನನಗೆ ಮರೆತೇ ಹೋಯಿತು ಅಮ್ಮ.